ಲಿನಕ್ಸ್ ಕೋಟೆಯ ದಿಡ್ಡಿಬಾಗಿಲು

ಮಧುಗಿರಿ ಬೆಟ್ಟದ ಕೋಟೆಯ ಬಾಗಿಲುಗಳಲ್ಲಿ ಒಂದರ ಹೆಸರು ದಿಡ್ಡಿಬಾಗಿಲು. ಹೆಬ್ಬಾಗಿಲು ಮುಚ್ಚಿದ್ದಾಗಲೂ ಒಬ್ಬೊಬ್ಬರಾಗಿ ನುಸುಳಲು ಇರುವ ಕಿರುಬಾಗಿಲನ್ನು ದಿಡ್ಡಿ ಎನ್ನುತ್ತೇವೆ. ಲಿನಕ್ಸ್ ಗಣಕಗಳೊಳಗೆ ಕಟ್ಟುವ ‘ಕಂಟೈನರ್’ ಎಂಬ ಕೋಟೆಗಳಿಗೆ ಇಂಥ ಬಾಗಿಲು ಒದಗಿದ್ದು ಗೋಡೆಗಳೆದ್ದ ಎಷ್ಟೋ ವರ್ಷಗಳ ನಂತರ.

1979ರ ಯೂನಿಕ್ಸ್ ಏಳನೆಯ ಆವೃತ್ತಿಯಲ್ಲಿ ‘ಸಿಎಚ್‌ರೂಟ್’ ಎಂಬ ಸೌಲಭ್ಯವಿತ್ತು. ಅದು ಕಡತಗಳ ಮರದ ಒಂದು ಕೊಂಬೆಯನ್ನೇ ಬೇರು ಎಂದು ಪ್ರಕ್ರಿಯೆಗೆ (ಓಡುತ್ತಿರುವ ಪ್ರೋಗ್ರಾಮಿಗೆ) ತೋರಿಸುತ್ತಿತ್ತು. ಇತರ ಪ್ರಕ್ರಿಯೆಗಳನ್ನಾಗಲೀ ಜಾಲವನ್ನಾಗಲೀ ಮರೆಮಾಡುತ್ತಿರಲಿಲ್ಲ. 2000ದಲ್ಲಿ ಫ್ರೀಬಿಎಸ್‌ಡಿಗೆ ‘ಜೈಲ್’ ಬಂದಿತು.

ಲಿನಕ್ಸ್ ಹಿಡಿದದ್ದು ಬೇರೆ ದಾರಿ. 2002ರಲ್ಲಿ ಕಡತವ್ಯವಸ್ಥೆಗೆ, 2006ರಲ್ಲಿ ಗಣಕದ ಹೆಸರಿಗೆ, 2008ರ ಜನವರಿಯ 2.6.24 ಆವೃತ್ತಿಯಲ್ಲಿ ಪ್ರಕ್ರಿಯೆಗಳ ಕ್ರಮಸಂಖ್ಯೆಗೆ, ಹೀಗೆ ಒಂದೊಂದಕ್ಕೂ ಪ್ರತ್ಯೇಕ ‘ನೇಮ್‌ಸ್ಪೇಸ್’ ರೂಪುಗೊಂಡಿತು. ಪ್ರಕ್ರಿಯೆಗಳ ಗುಂಪುಗಳಿಗೆ ಪ್ರೊಸೆಸರಿನ ಕಾಲವನ್ನು ಹಂಚುವ ವ್ಯವಸ್ಥೆಯೂ ಅದೇ 2.6.24ರಲ್ಲಿ ಸೇರಿತು, ಅದರಲ್ಲಿ ಬೆಂಗಳೂರಿನ ಐಬಿಎಂ ಪ್ರಯೋಗಾಲಯದ ಶ್ರೀವತ್ಸ ವಡ್ಡಗಿರಿಯವರ ಕೆಲಸ ಮುಖ್ಯವಾದುದು. ಕಂಟೈನರ್ ಎಂಬ ಹೆಸರು ವಿದ್ಯಾರ್ಥಿಗಳನ್ನು ದಾರಿ ತಪ್ಪಿಸುತ್ತದೆ ಎಂದು ನನ್ನ ಅನಿಸಿಕೆ. ಕರ್ನೆಲ್‌ನಲ್ಲಿ ಅಂಥ ಡಬ್ಬವೊಂದಿಲ್ಲ. ಪ್ರಕ್ರಿಯೆಗೆ ಏನೇನು ಕಾಣಬೇಕೆಂಬ ಪಟ್ಟಿಗಳಷ್ಟೇ ಇವೆ.

ಹಾಗಾದರೆ ಹೊರಗಿನಿಂದ ಒಳಹೊಕ್ಕು ಆದೇಶ ನಡೆಸುವುದೆಂದರೆ, ಪ್ರಕ್ರಿಯೆಯೊಂದು ತನ್ನ ಪಟ್ಟಿಗಳನ್ನು ಬದಲಿಸಿಕೊಳ್ಳುವುದು. ಇದಕ್ಕೆ ಬೇಕಾದ ‘ಸೆಟ್‌ಎನ್‌ಎಸ್’ ಕರೆಯನ್ನು ಎರಿಕ್ ಬೀಡರ್‌ಮನ್ ರಚಿಸಿದರು. 2011ರ 3.0 ಆವೃತ್ತಿಯಲ್ಲಿ ಅದು ಬಂದರೂ ಕಡತವ್ಯವಸ್ಥೆ ಮತ್ತು ಕ್ರಮಸಂಖ್ಯೆಗಳ ಪಟ್ಟಿಗಳಿಗೆ ಅನ್ವಯವಾದದ್ದು 2013ರ 3.8ರಲ್ಲಿ. ಅದೇ ವರ್ಷ ‘ಎನ್‌ಎಸ್‌ಎಂಟರ್’ ಎಂಬ ಉಪಕರಣ ಹುಟ್ಟಿತು. 2014ರ ಅಕ್ಟೋಬರಿನಲ್ಲಿ ‘ಡಾಕರ್ ಎಕ್ಸೆಕ್’ ಬಂದು ಈ ಕೆಲಸ ಒಂದು ಸಾಲಿನ ಆದೇಶವಾಯಿತು.

ಇಲ್ಲೊಂದು ಸ್ವಾರಸ್ಯವಿದೆ. ಕ್ರಮಸಂಖ್ಯೆಗಳ ಪಟ್ಟಿಯನ್ನು ಬದಲಿಸಿಕೊಂಡ ಪ್ರಕ್ರಿಯೆಯ ಸ್ವಂತ ಸಂಖ್ಯೆ ಬದಲಾಗುವುದಿಲ್ಲ. ಅದರ ‘ಮಕ್ಕಳು’ ಮಾತ್ರ ಹೊಸ ಪಟ್ಟಿಗೆ ಸೇರುತ್ತಾರೆ. ಆದ್ದರಿಂದ ಅದು ಮರಿಪ್ರಕ್ರಿಯೆಯೊಂದನ್ನು ಹುಟ್ಟಿಸಲೇಬೇಕು. ಆ ಮರಿಗೆ ಒಳಗೊಂದು ಸಂಖ್ಯೆ, ಹೊರಗಿನಿಂದ ನೋಡುವವರಿಗೆ ಇನ್ನೊಂದು: ಭೌತಶಾಸ್ತ್ರದ ಎರಡು ನಿರ್ದೇಶಕ ಚೌಕಟ್ಟುಗಳಿದ್ದಂತೆ. ತನ್ನ ತಾಯಿಯ ಸಂಖ್ಯೆ ಎಷ್ಟೆಂದು ಮರಿ ಕೇಳಿದರೆ ಕರ್ನೆಲ್ ಕೊಡುವ ಉತ್ತರ ಸೊನ್ನೆ. ತಾಯಿ ಆ ಚೌಕಟ್ಟಿನಲ್ಲಿ ಇಲ್ಲವಲ್ಲ!

ಆದರೆ ದಿಡ್ಡಿಯಲ್ಲಿ ಬರುವವನು ಹೊರಗಿನ ವಸ್ತುಗಳನ್ನೂ ತರುತ್ತಾನೆ. 2019ರ ಫೆಬ್ರವರಿಯಲ್ಲಿ ಪ್ರಕಟವಾದ ದೋಷ ಇದೇ. ಡಾಕರ್‌ನ ಪರವಾಗಿ ಒಳಹೋಗುವುದು ‘ರನ್‌ಸಿ’ ಎಂಬ ಪ್ರೋಗ್ರಾಮು. ಪ್ರಕ್ರಿಯೆ ಯಾವ ಕಡತದಿಂದ ಓಡುತ್ತಿದೆ ಎಂಬುದಕ್ಕೆ ‘ಪ್ರೋಕ್’ ಕೋಶದಲ್ಲಿ ಕೊಂಡಿಯೊಂದಿರುತ್ತದೆ. ಒಳಗೆ ಹೊಂಚಿದ್ದ ದುಷ್ಟ ಪ್ರೋಗ್ರಾಮು ಆ ಕೊಂಡಿ ಹಿಡಿದು ಹೊರಗಿನ ಗಣಕದಲ್ಲಿರುವ ರನ್‌ಸಿ ಕಡತವನ್ನೇ ತಿದ್ದಿ ಬರೆಯಬಹುದಾಗಿತ್ತು. ಮುಂದಿನ ಸಲ ಯಾರಾದರೂ ರನ್‌ಸಿ ನಡೆಸಿದೊಡನೆ ಇಡೀ ಗಣಕ ಕೈತಪ್ಪಿದಂತೆ. ಒಳಗಿನ ‘ರೂಟ್’ ಬಳಕೆದಾರನಿಗೆ ಹೊರಗೆ ಅಧಿಕಾರವಿಲ್ಲದಂತೆ ಬಳಕೆದಾರರ ನೇಮ್‌ಸ್ಪೇಸನ್ನು ಸರಿಯಾಗಿ ಹೊಂದಿಸಿಕೊಂಡಿದ್ದವರು ಪಾರಾದರು. ಉಳಿದವರಿಗಾಗಿ ರನ್‌ಸಿಯನ್ನು ತಿದ್ದಲಾಯಿತು: ಒಳಹೋಗುವ ಮುನ್ನ ಅದು ಸ್ಮೃತಿಯಲ್ಲಿ ತನ್ನದೊಂದು ಪ್ರತಿ ಮಾಡಿ, ಬರೆಯಲಾಗದಂತೆ ಮುದ್ರೆಯೊತ್ತಿ, ಆ ಪ್ರತಿಯಿಂದಲೇ ಓಡತೊಡಗಿತು.