ಸದ್ದಿಲ್ಲದೆ ಬಂದ ಕಾನೂನು

ಗದ್ದಲದಲ್ಲಿ ದುಡಿದವರ ಕಿವಿ ಮಂದವಾಗುತ್ತೆ ಅನ್ನೋದು ಹೊಸ ವಿಷಯವೇನಲ್ಲ. 1886ರಲ್ಲೇ ಗ್ಲಾಸ್ಗೋದ ವೈದ್ಯ ಥಾಮಸ್ ಬಾರ್ ನೂರು ಜನ ಬಾಯ್ಲರ್ ಕೆಲಸಗಾರರ ಕಿವಿ ಪರೀಕ್ಷಿಸಿದ್ದ. ಒಬ್ಬನಿಗೂ ಸರಿಯಾಗಿ ಕೇಳಿಸುತ್ತಿರಲಿಲ್ಲ!

ನಮ್ಮ ದೇಶದ ಕಥೆ ನೋಡಿ. ಕೆಲಸಗಾರರ ಪರಿಹಾರ ಕಾಯ್ದೆ ಬಂದದ್ದು 1923ರಲ್ಲಿ. 1984ರ ತಿದ್ದುಪಡಿಯಲ್ಲಿ ಔದ್ಯೋಗಿಕ ರೋಗಗಳ ಪಟ್ಟಿಯನ್ನು ಹೊಸದಾಗಿ ಬರೆದಾಗ ಸದ್ದಿನಿಂದಾಗುವ ಕಿವುಡುತನಕ್ಕೂ ಅಲ್ಲಿ ಜಾಗ ಸಿಕ್ಕಿತು. ಅಂಥ ಕೆಲಸದಲ್ಲಿ ಸತತ ಆರು ತಿಂಗಳು ಇದ್ದವರು ಪರಿಹಾರ ಕೇಳಬಹುದು. ಇಎಸ್‌ಐ ಕಾರ್ಡ್ ಇದ್ದವರಿಗೆ ಇಎಸ್‌ಐನಿಂದಲೇ ಪರಿಹಾರ. ದುಡಿಯುವ ಶಕ್ತಿ ಎಷ್ಟು ಕುಂದಿದೆ ಅಂತ ವೈದ್ಯಕೀಯ ಮಂಡಳಿ ಹೇಳುತ್ತೋ ಅದರ ಪ್ರಕಾರ ತಿಂಗಳು ತಿಂಗಳು ಹಣ.

ಇಷ್ಟೆಲ್ಲಾ ಇದ್ದೂ, ಈ ಕ್ಷೇತ್ರದ ತಜ್ಞರು ಬರೆದಿರುವಂತೆ ಭಾರತದಲ್ಲಿ ಕಿವುಡುತನಕ್ಕೆ ಮೊದಲ ಪರಿಹಾರ ಸಿಕ್ಕಿದ್ದು 1996ರಲ್ಲಿ!

ಯಾಕೆ ಹೀಗೆ? ಬೆರಳು ತುಂಡಾದರೆ ರಕ್ತ ಕಾಣುತ್ತೆ. ಕಿವಿ ಹಾಗಲ್ಲ. ಮೊದಲು 4000 ಹರ್ಟ್ಜ್ ಆಸುಪಾಸಿನ ಕೀರಲು ಸದ್ದುಗಳು ಮಾಯವಾಗುತ್ತವೆ, ನೋವಿರಲ್ಲ. ಮಾತು ಕೇಳಿಸದಂತಾಗುವಷ್ಟರಲ್ಲಿ ವರ್ಷಗಳೇ ಕಳೆದಿರುತ್ತವೆ.

ತಿರುಮಣಿ ಅಂದ್ರೆ ಈಗ ಎಲ್ಲರಿಗೂ ಸೋಲಾರ್ ಪಾರ್ಕ್ ನೆನಪಾಗುತ್ತೆ. 2018ರಲ್ಲಿ ಅದು ಶುರುವಾಗೋ ಮುಂಚೆ ಮಳೆ ಕೈಕೊಟ್ಟಾಗಲೆಲ್ಲ ನಮ್ಮ ಪಾವಗಡ ಸೀಮೆಯ ಜನ ಬೆಂಗಳೂರಿನ ಕಡೆ ಗುಳೆ ಹೋಗ್ತಿದ್ರು. ಪ್ರೆಸ್ ಶಾಪುಗಳಲ್ಲಿ ದುಡಿದು ಊರಿಗೆ ಮರಳಿದವರ ಜೊತೆ ಮಾತಾಡಬೇಕಾದ್ರೆ ದನಿ ಏರಿಸಲೇಬೇಕು. ಕೇಳಿದ್ರೆ "ವಯಸ್ಸಾಯ್ತಲ್ಲಪ್ಪಾ" ಅಂತಾರೆ. ಅದು ಪರಿಹಾರ ಸಿಗೋ ಕಾಯಿಲೆ ಅಂತ ಅವರಿಗೆ ಹೇಳಿದವರು ಯಾರು?

ಹೇಳಲೇಬೇಕು ಅಂತ ಆ ಕಾಯ್ದೆಗೆ ಹೊಳೆದದ್ದು 2017ರಲ್ಲಿ. ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಪರಿಹಾರದ ಹಕ್ಕನ್ನು ನೌಕರನಿಗೆ ಅರ್ಥವಾಗುವಂತೆ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಆಡಳಿತ ಭಾಷೆಯಲ್ಲಿ ಬರೆದು ತಿಳಿಸಬೇಕು. ತಪ್ಪಿದರೆ ಮಾಲೀಕನಿಗೆ 50,000ದಿಂದ ಒಂದು ಲಕ್ಷ ರೂಪಾಯಿವರೆಗೆ ದಂಡ ಅಂತ ಆ ಕಾಯ್ದೆಯಲ್ಲಿತ್ತು. ಹಕ್ಕು ಕೊಟ್ಟ 94 ವರ್ಷಕ್ಕೆ, ಅದನ್ನು ತಿಳಿಸುವ ನಿಯಮ!

2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತೆ ಸಂಹಿತೆ ಈ ಎರಡು ಹಳೆಯ ಕಾಯ್ದೆಗಳ ಜಾಗಕ್ಕೆ ಬಂದಿದೆ. ಸದ್ದಿನ ಕಿವುಡುತನ ಅದರ ಪಟ್ಟಿಯಲ್ಲೂ ಇದೆ, ತಿಳಿಸುವ ಹೊಣೆಯೂ ಇದೆ.

ಆದರೆ ಗೆಳೆಯರೇ, ಕೆಲಸಕ್ಕೆ ಸೇರೋ ದಿನ ಹತ್ತು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವಾಗ ಹನ್ನೊಂದನೆಯದಾಗಿ ಕೊಟ್ಟ ಚೀಟಿ ತಿಳಿಸಿದಂತಾಗುತ್ತಾ? ಕನ್ನಡದಲ್ಲಿ ನಾಲ್ಕು ಸಾಲು ಸಾಕು, ಮಷೀನ್ ಪಕ್ಕದ ಗೋಡೆ ಮೇಲೆ. ನಿಮಗೆ ಗೊತ್ತಿರೋ ಒಬ್ಬರಿಗಾದ್ರೂ ಇದನ್ನು ಹೇಳಿ... ಸ್ವಲ್ಪ ಜೋರಾಗಿಯೇ ಹೇಳಿ.