ಹಣಿಗೆಯ ಪೂರ್ವೋತ್ತರ

ಪುಲಿಕೇಶಿನಗರವೆಂಬ ಹೆಸರನ್ನು ದಿನಕ್ಕೆ ಹತ್ತಾರು ಸಲ ಉಚ್ಚರಿಸುವ ನಮ್ಮ ನೆರೆಹೊರೆಯವರಲ್ಲಿ, ಆ ಹೆಸರಿನೊಳಗೆ ‘ಕೇಶ’ವು ಕುಳಿತಿರುವುದನ್ನು ಗಮನಿಸಿದವರು ವಿರಳ. ೧೮೯೮ರ ಪ್ಲೇಗಿನ ತರುವಾಯ, ದಂಡಿನ ಇಕ್ಕಟ್ಟನ್ನು ತಗ್ಗಿಸುವುದಕ್ಕಾಗಿ ನಿರ್ಮಿತವಾದ ಈ ಬಡಾವಣೆಗೆ ಮೊದಲು ಮೈಸೂರಿನ ರೆಸಿಡೆಂಟರಾಗಿದ್ದ ಫ್ರೇಜರ್ ಸಾಹೇಬರ ಹೆಸರಿದ್ದಿತು. ಸ್ವಾತಂತ್ರ್ಯಾನಂತರ ಚಾಲುಕ್ಯ ಚಕ್ರವರ್ತಿಯ ಹೆಸರು ಬಂದಿತು. ಪುಲಿಕೇಶಿ, ಪೊಲೆಕೇಶಿ, ಪುಲಕೇಶಿ ಎಂದು ನಾನಾ ರೂಪಗಳಲ್ಲಿ ಕಾಣುವ ಈ ನಾಮಧೇಯಕ್ಕೆ ‘ಹುಲಿಗೂದಲಿನವನು’ ಎಂದು ಕೆಲವು ವಿದ್ವಾಂಸರು ಅರ್ಥ ಹೇಳಿರುವರು. ಮಿಕ್ಕವರು ಅದನ್ನು ಒಪ್ಪಿಲ್ಲ. ಆ ವಿವಾದವು ಹಾಗಿರಲಿ. ಚಕ್ರವರ್ತಿಗಳ ದಿಗ್ವಿಜಯಗಳನ್ನು ಕುರಿತು ಬರೆದವರು ಅನೇಕರಿದ್ದಾರೆ. ಪ್ರತಿ ಮನೆಯಲ್ಲಿಯೂ ಪ್ರತಿ ಮುಂಜಾನೆ ನಡೆಯುವ ತಲೆ ಬಾಚುವಿಕೆಯೆಂಬ ಕಾರ್ಯಕ್ಕೂ ಒಂದು ಇತಿಹಾಸವುಂಟು. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಶಬ್ದವಿಚಾರ. ನಮ್ಮ ‘ಬಾಚಣಿಗೆ’ಯು ಬಾಚುವ ಹಣಿಗೆ. ಹಣಿಗೆಯೆಂಬ ಶಬ್ದವೇ ಹಳೆಯದು. ನೇಕಾರರ ಮಗ್ಗದಲ್ಲಿ ಹಾಸಿನ ಎಳೆಗಳನ್ನು ಒಂದಕ್ಕೊಂದು ತೊಡರದಂತೆ ಬಿಡಿಬಿಡಿಯಾಗಿ ಹಿಡಿದಿಡುವ ಸಾಧನಕ್ಕೂ ಅದೇ ಹೆಸರು. ಹೇನು ಸೀರುಗಳನ್ನು ತೆಗೆಯುವ ಒತ್ತುಹಲ್ಲಿನದು ಸೀರಣಿಗೆ. ಸಂಸ್ಕೃತದಲ್ಲಿ ಕಂಕತ, ಕಂಕತಿಕಾ, ಪ್ರಸಾಧನೀ ಎಂಬ ಪದಗಳಿವೆ. ಈ ಕಂಕತವೇ ಪ್ರಾಕೃತದ ಮಾರ್ಗವಾಗಿ ಇಳಿದುಬಂದು ಉರ್ದುವಿನ ‘ಕಂಘಿ’ಯಾಯಿತು. ಶಿವಾಜಿನಗರದ ಅಂಗಡಿಬೀದಿಯಲ್ಲಿ ಒಬ್ಬರು ಬಾಚಣಿಗೆಯೆಂದೂ, ಮತ್ತೊಬ್ಬರು ಕಂಘಿಯೆಂದೂ, ಮೂರನೆಯವರು ತೆಲುಗಿನಲ್ಲಿ ದುವ್ವೆನವೆಂದೂ ಕೇಳುವರು; ತಮಿಳರು ಸೀಪ್ಪು ಎನ್ನುವರು, ಬಾಳೆಗೊನೆಯ ಚಿಪ್ಪಿಗೂ ಅವರಲ್ಲಿ ಅದೇ ಮಾತು. ಅಂಗಡಿಯವನು ನಾಲ್ವರಿಗೂ ಒಂದೇ ವಸ್ತುವನ್ನು ಎತ್ತಿಕೊಡುವನು.

ಪಾಠಶಾಲೆಯಲ್ಲಿ ಅಮರವನ್ನು ಬಾಯಿಪಾಠ ಮಾಡಿದವರಿಗೆ ಇನ್ನೊಂದು ಸಂಗತಿಯು ನೆನಪಿರಬಹುದು. ಅಮರಸಿಂಹನು ಕೇಶಕ್ಕೆ ಸಂಬಂಧಿಸಿದ ಶಬ್ದಗಳನ್ನು ಹೇಳುವಾಗ ಜಡೆಗಟ್ಟಿದ ವ್ರತಿಗಳ ಕೂದಲಿಗೆ ಸಟಾ, ಜಟಾ ಎಂಬ ಹೆಸರುಗಳನ್ನು ಕೊಟ್ಟು, ಅದರ ಹಿಂದೆಯೇ ‘ವಿಶದ’ವಾದ, ಎಂದರೆ ನಿರ್ಮಲವಾಗಿ ಬಿಡಿಯಾಗಿರುವ ಕೂದಲಿಗೆ ಶೀರ್ಷಣ್ಯ, ಶಿರಸ್ಯ ಎಂಬ ಬೇರೆ ಹೆಸರುಗಳನ್ನು ಹೇಳಿರುವನು. ಸಿಕ್ಕಿಲ್ಲದ ಕೂದಲಿಗೆಂದೇ ಪ್ರತ್ಯೇಕ ನಾಮವಿರಬೇಕಾದರೆ, ಅದನ್ನು ಹಾಗೆ ಇಡುವ ಶ್ರಮಕ್ಕೆ ಪೂರ್ವಿಕರು ಎಷ್ಟು ಬೆಲೆ ಕೊಟ್ಟಿದ್ದರೆಂಬುದನ್ನು ಊಹಿಸಬಹುದು.

ಹಣಿಗೆಯ ಪ್ರಾಚೀನತೆಗೆ ಪ್ರಮಾಣಗಳು ಹೇರಳವಾಗಿವೆ. ಸಿಂಧೂ ಕಣಿವೆಯ ನೆಲೆಗಳಲ್ಲಿ ದಂತದ ಹಣಿಗೆಗಳು ದೊರೆತಿವೆ. ಇಸ್ರೇಲಿನ ಲಾಖೀಶಿನಲ್ಲಿ ೨೦೧೬ರಲ್ಲಿ ದೊರೆತ ಪುಟ್ಟ ದಂತದ ಹಣಿಗೆಯೊಂದರ ಮೇಲೆ ಸುಮಾರು ೩೭೦೦ ವರ್ಷಗಳ ಹಿಂದಿನ ಬರಹವಿರುವುದು ೨೦೨೨ರಲ್ಲಿ ಪ್ರಕಟವಾಯಿತು. ತಲೆಯ ಮತ್ತು ಗಡ್ಡದ ಹೇನುಗಳು ನಿರ್ಮೂಲವಾಗಲೆಂಬುದು ಅದರ ತಾತ್ಪರ್ಯ. ಆ ಲಿಪಿಯಲ್ಲಿ ಈವರೆಗೆ ಸಿಕ್ಕಿರುವ ಮೊದಲನೆಯ ಪೂರ್ಣ ವಾಕ್ಯವು ಅರಸನ ಸ್ತುತಿಯಲ್ಲ, ಹೇನಿನ ಉಪದ್ರವದ ಮಾತು! ನಮ್ಮ ಅಥರ್ವವೇದದ ವಿವಾಹಸೂಕ್ತದಲ್ಲಿ ವಧುವಿನ ತಲೆಯ ಮಲವನ್ನು ತೆಗೆಯುವ ನೂರು ಹಲ್ಲಿನ ಹಣಿಗೆಯ ಪ್ರಸ್ತಾಪವಿದೆ. ಅದೇ ವೇದದಲ್ಲಿ ಜಮದಗ್ನಿಯು ಮಗಳಿಗಾಗಿ ಕೇಶವರ್ಧಕವಾದ ಮೂಲಿಕೆಯನ್ನು ಅಗೆದುತಂದ ಮಾತೂ ಉಂಟು. ಗೃಹ್ಯಸೂತ್ರಗಳು ವಿಧಿಸಿದ ಸೀಮಂತೋನ್ನಯನದಲ್ಲಿ ಪತಿಯು ಗರ್ಭಿಣಿಯ ಬೈತಲೆಯನ್ನು ಮುಳ್ಳುಹಂದಿಯ ಮುಳ್ಳಿನಿಂದ ಮೇಲ್ಮುಖವಾಗಿ ತೆಗೆಯಬೇಕು. ಸುಶ್ರುತನು ತಲೆ ಬಾಚುವುದನ್ನು ದಿನಚರ್ಯೆಯಲ್ಲಿ ಸೇರಿಸಿ, ಅದು ಧೂಳು, ಕ್ರಿಮಿ, ಮಲಗಳನ್ನು ಕಳೆಯುವುದೆಂದು ಹೇಳಿರುವನು.

ಬಾಚದೆ ಬಿಟ್ಟ ಕೂದಲು ದುಃಖದ ಗುರುತಾಗಿದ್ದಿತು. ಮೇಘದೂತದ ಯಕ್ಷಪತ್ನಿಯು ಪತಿಯು ಅಗಲಿದ ದಿನ ಕಟ್ಟಿದ ಒಂಟಿ ಜಡೆಯನ್ನು ಬಿಚ್ಚಿಲ್ಲ. ಅದು ಒರಟಾಗಿ, ಮುಟ್ಟಿದರೆ ನೋಯುವಂತಾಗಿದೆ. ಶಾಪ ತೀರಿದ ಬಳಿಕ ಅದನ್ನು ಬಿಡಿಸಬೇಕಾದವನು ಯಕ್ಷನೇ. ದ್ರೌಪದಿಯ ಮುಡಿಯ ಕಥೆಯನ್ನು ಕನ್ನಡಿಗರಿಗೆ ಹೇಳಬೇಕಾದುದಿಲ್ಲ. ಪಂಪನೂ ರನ್ನನೂ ಆ ಬಿಚ್ಚಿದ ಮುಡಿಯ ಸುತ್ತ ಎಂತಹ ಕಾವ್ಯಗಳನ್ನು ಕಟ್ಟಿದರೆಂಬುದು ಸರ್ವವಿದಿತ.

ಕಾವ್ಯದಲ್ಲಿ ಆ ದುಃಖಕ್ಕೆ ಕೊನೆಯುಂಟು. ಲೋಕದಲ್ಲಿ ಎಲ್ಲರಿಗೂ ಇರಲಿಲ್ಲ. ನಮ್ಮ ಮೇಲ್ಜಾತಿಗಳ ಮನೆಗಳಲ್ಲಿ ಪತಿಯನ್ನು ಕಳೆದುಕೊಂಡ ಹೆಣ್ಣಿನ, ಅವಳು ಬಾಲೆಯಾಗಿದ್ದರೂ ಸರಿಯೆ, ಕೈಯಿಂದ ಹಣಿಗೆಯನ್ನು ಕಿತ್ತುಕೊಂಡು ತಲೆಯನ್ನು ಬೋಳಿಸುತ್ತಿದ್ದರು. ೧೮೯೦ರಲ್ಲಿ ಮುಂಬಯಿಯ ಕ್ಷೌರಿಕರು ಸಭೆ ಸೇರಿ, ವಿಧವೆಯರ ತಲೆಗೆ ತಾವು ಕತ್ತಿಯಿಡುವುದಿಲ್ಲವೆಂದು ನಿಶ್ಚಯಿಸಿದರು. ಶಾಸ್ತ್ರಿಗಳು ವಾದಿಸುತ್ತಿದ್ದಾಗ ಕ್ಷೌರಿಕರು ನಡೆದು ತೋರಿಸಿದರೆಂಬುದು ನಮ್ಮಂತಹ ಶಾಸ್ತ್ರಾಭ್ಯಾಸಿಗಳು ನೆನಪಿಡತಕ್ಕ ವಿಷಯ. ಕನ್ನಡದಲ್ಲಿ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (೧೯೭೬) ಆ ಸಂಕಟವನ್ನು ಮನೆಮನೆಗೆ ಮುಟ್ಟಿಸಿತು.

ಇದಕ್ಕೆ ವಿಪರೀತವಾದ ಅನ್ಯಾಯವು ಸವದತ್ತಿಯ ಸೀಮೆಯಲ್ಲಿ ನಡೆಯಿತು. ಅಲ್ಲಿ ಕತ್ತರಿಯಲ್ಲ, ಸಿಕ್ಕೇ ಹೆಣ್ಣಿನ ಬಾಳನ್ನು ಕೆಡಿಸಿತು. ಎಣ್ಣೆನೀರು ಕಾಣದೆ, ಬಾಚುವವರಿಲ್ಲದೆ ಬಡ ಹುಡುಗಿಯ ಕೂದಲು ಗಂಟುಗಟ್ಟಿ ಜಡೆಯಾದರೆ, ಎಲ್ಲಮ್ಮ ದೇವಿಯು ಅವಳನ್ನು ಕರೆದಳೆಂದು ನಂಬಿ, ಮುತ್ತು ಕಟ್ಟಿ ದೇವದಾಸಿಯನ್ನಾಗಿ ಮಾಡುತ್ತಿದ್ದರು. ಆ ಜಡೆಯನ್ನು ಕತ್ತರಿಸಿದರೆ ಮನೆಗೆ ಕೇಡೆಂಬ ಭಯ ಬೇರೆ. ಕರ್ನಾಟಕ ಸರ್ಕಾರವು ದೇವದಾಸಿ ಸಮರ್ಪಣೆಯನ್ನು ೧೯೮೨ರ ಕಾಯಿದೆಯಿಂದ ನಿಷೇಧಿಸಿತು. ಸೇವಾಸಕ್ತರಾದ ಮಹಿಳೆಯರು ಹಳ್ಳಿಹಳ್ಳಿಗೂ ಹೋಗಿ, ಹೆದರಿದವರಿಗೆ ಧೈರ್ಯ ಹೇಳಿ, ಸೇರುಗಟ್ಟಲೆ ತೂಗುವ ಜಡೆಗಳನ್ನು ತೆಗೆದು ಕುತ್ತಿಗೆಯ ನೋವನ್ನು ನೀಗಿಸಿದ್ದಾರೆ.

ಇದು ನಮ್ಮ ದೇಶಕ್ಕೇ ಮೀಸಲಾದ ಅಜ್ಞಾನವೆಂದು ಯಾರೂ ಭಾವಿಸಬೇಕಾಗಿಲ್ಲ. ಪೋಲೆಂಡಿನಲ್ಲಿಯೂ ಇಂತಹ ಜಡೆಯನ್ನು ದೇಹದೊಳಗಣ ರೋಗವು ಹೊರಬೀಳುವ ಮಾರ್ಗವೆಂದು ತಿಳಿದು, ಕತ್ತರಿಸಲು ಹೆದರುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಕ್ರಾಕೋವಿನ ವೈದ್ಯ ಯೋಜೆಫ್ ಡೀಟ್ಲ್ ಎಂಬಾತನು ವಿಚಾರಣೆ ನಡೆಸಿ, ಇದು ರೋಗವಲ್ಲ, ಬಾಚದಿರುವುದರ ಫಲವೆಂದು ತೋರಿಸಿಕೊಟ್ಟನು.

ಕೂದಲನ್ನು ಕತ್ತರಿಸದಿರುವುದು ಬೇರೆ, ಜಡೆಗಟ್ಟಲು ಬಿಡುವುದು ಬೇರೆ ಎಂಬ ವಿವೇಕವನ್ನು ನೋಡಬೇಕಾದರೆ ಹಲಸೂರು ಕೆರೆಯ ದಂಡೆಯ ಗುರುದ್ವಾರದ ಭಕ್ತರನ್ನು ನೋಡಬೇಕು. ಗುರು ಗೋವಿಂದಸಿಂಹರು ೧೬೯೯ರಲ್ಲಿ ಖಾಲ್ಸಾ ಪಂಥವನ್ನು ಸ್ಥಾಪಿಸಿದರು. ಆ ಪಂಥದ ಪಂಚಲಾಂಛನಗಳಲ್ಲಿ ಕೇಶದ ಜೊತೆಗೆ ಕಂಘಾ ಎಂಬ ಮರದ ಹಣಿಗೆಯೂ ಸೇರಿದೆ. ಕೇಶಧಾರಣೆಯು ವ್ರತವಾದರೆ ಅದನ್ನು ದಿನವೂ ಬಾಚುವುದೂ ವ್ರತವೇ.

ಇನ್ನು ವಿಧಾನ. ನಮ್ಮ ಅಜ್ಜಿಯರು ಮಾಡುತ್ತಿದ್ದುದಕ್ಕೆ ಈಗಿನ ವಿಜ್ಞಾನವು ಬಹುಮಟ್ಟಿಗೆ ಸಾಕ್ಷಿ ನುಡಿಯುತ್ತದೆ. ಕೂದಲು ತಿಂಗಳಿಗೆ ಸುಮಾರು ಅರ್ಧ ಅಂಗುಲ ಬೆಳೆಯುವುದು. ಆದಕಾರಣ ಮೂರಡಿಯ ಜಡೆಯ ತುದಿಗೆ ಆರು ವರ್ಷ ವಯಸ್ಸಾಗಿರುತ್ತದೆ. ಅಷ್ಟು ವರ್ಷಗಳ ಬಿಸಿಲು, ನೀರು, ಉಜ್ಜಾಟಗಳನ್ನು ಸಹಿಸಿದ ತುದಿಯೇ ಎಲ್ಲಕ್ಕಿಂತ ದುರ್ಬಲ. ಪ್ರತಿ ಕೂದಲಿನ ಮೇಲೂ ಹೆಂಚು ಹೊದಿಸಿದಂತೆ ಸೂಕ್ಷ್ಮವಾದ ಪೊರೆಗಳು ತುದಿಯ ಕಡೆಗೆ ಮುಖಮಾಡಿ ಮಲಗಿರುತ್ತವೆ. ಬುಡದಿಂದ ಬಲವಾಗಿ ಎಳೆದರೆ ಮೇಲಿನ ಸಣ್ಣ ಸಿಕ್ಕುಗಳೆಲ್ಲ ಕೆಳಗೆ ಜಾರಿ ಒಂದೇ ದೊಡ್ಡ ಗಂಟಾಗುವುದು. ಆದುದರಿಂದ ಎಡಗೈಯಿಂದ ಗಂಟಿನ ಮೇಲ್ಭಾಗವನ್ನು ಬಿಗಿಯಾಗಿ ಹಿಡಿದು, ಎಳೆತವು ಬುಡಕ್ಕೆ ತಾಗದಂತೆ ನೋಡಿಕೊಂಡು, ತುದಿಯ ನಾಲ್ಕಂಗುಲವನ್ನು ಮೊದಲು ಬಿಡಿಸಬೇಕು. ಬಳಿಕ ಅದರ ಮೇಲಿನ ನಾಲ್ಕಂಗುಲ. ಹೀಗೆ ಬುಡದವರೆಗೆ ಏರಬೇಕು. ಮೊದಲು ಬೆರಳು, ಆಮೇಲೆ ಅಗಲ ಹಲ್ಲಿನ ಹಣಿಗೆ, ಕಡೆಗೆ ಸಣ್ಣ ಹಲ್ಲಿನದು.

ಒದ್ದೆಗೂದಲು ಹೆಚ್ಚು ಹಿಗ್ಗುವುದು, ಬೇಗ ಹರಿಯುವುದು. ಎರೆದುಕೊಂಡ ಕೂಡಲೆ ಬಾಚದೆ, ತೆಳುವಾದ ಬಟ್ಟೆಯಲ್ಲಿ ಸುತ್ತಿ, ಉಜ್ಜದೆ ಒತ್ತಿ, ಆರಲು ಬಿಡಬೇಕು. ಗುಂಗುರು ಕೂದಲಿನವರಿಗೆ ಮಾತ್ರ ತುಸು ತೇವವಿದ್ದು, ಎಣ್ಣೆಯಂಥ ಜಾರುವ ವಸ್ತುವನ್ನು ಸವರಿದಾಗಲೇ ಬಾಚುವುದು ಅನುಕೂಲ. ಎರೆದುಕೊಳ್ಳುವುದಕ್ಕೆ ಮುಂಚೆ ಎಣ್ಣೆ ಹಚ್ಚುವ ನಮ್ಮ ರೂಢಿಯೂ ವ್ಯರ್ಥವಲ್ಲ. ೨೦೦೩ರಲ್ಲಿ ಪ್ರಕಟವಾದ ಭಾರತೀಯ ಸಂಶೋಧನೆಯೊಂದರಲ್ಲಿ, ಕೊಬ್ಬರಿ ಎಣ್ಣೆಯು ಕೂದಲಿನೊಳಕ್ಕೆ ಇಳಿದು ಅದರ ಸಾರಾಂಶವು ನಷ್ಟವಾಗುವುದನ್ನು ತಗ್ಗಿಸುತ್ತದೆಯೆಂದೂ, ಸೂರ್ಯಕಾಂತಿ ಎಣ್ಣೆಗೂ ಖನಿಜ ತೈಲಕ್ಕೂ ಆ ಗುಣವಿಲ್ಲವೆಂದೂ ಕಂಡುಬಂದಿತು. ಹಣೆಯ ಅಂಚು ಬಿಗಿಯುವಂತೆ ದಿನವೂ ಜಡೆ ಹಾಕಿದರೆ ಅಲ್ಲಿಯ ಕೂದಲು ಕ್ರಮೇಣ ಹಿಂದೆ ಸರಿಯುವುದು. ಇದನ್ನು ಹೆಣ್ಣುಮಕ್ಕಳ ತಾಯಂದಿರು ಲಕ್ಷ್ಯದಲ್ಲಿಡಬೇಕು. ಹಣಿಗೆಯಲ್ಲಿ ನಾಲ್ಕು ಕೂದಲು ಕಂಡೊಡನೆ ಗಾಬರಿಯಾಗಬೇಕಾದುದಿಲ್ಲ. ದಿನಕ್ಕೆ ಐವತ್ತರಿಂದ ನೂರರವರೆಗೆ ಉದುರುವುದು ಸಹಜ.

ಇಷ್ಟಕ್ಕೆಲ್ಲ ಬೇಕಾದುದು ಬೆಲೆಯುಳ್ಳ ಸಾಮಗ್ರಿಯಲ್ಲ. ಒಂದು ಮರದ ಹಣಿಗೆ, ಒಂದು ಹಿಡಿ ಎಣ್ಣೆ, ಕಾಲು ಗಂಟೆಯ ಬಿಡುವು. ಆ ಕಾಲು ಗಂಟೆಯನ್ನು ಯಾರೂ ಕೊಡದೆಹೋದ ಹುಡುಗಿಯರ ಕೂದಲು ಜಡೆಯಾಯಿತು, ಆ ಜಡೆಯೇ ಅವರ ವಿಧಿಯಾಯಿತು. ನಮ್ಮ ಮನೆಯ ಮಕ್ಕಳ ತಲೆಯನ್ನು ಬಾಚುವುದರ ಜೊತೆಗೆ, ಮನೆಗೆಲಸಕ್ಕೆ ಬರುವವಳ ಮಗುವು ಕೆದರಿದ ತಲೆಯಲ್ಲಿ ಬಾಗಿಲ ಬಳಿ ನಿಂತಿದ್ದರೆ ಅದನ್ನೂ ಕರೆದು ಕೂರಿಸಿಕೊಳ್ಳುವುದು ವಿದ್ಯಾವಂತರ ಮನೆಗಳಿಗೆ ಒಪ್ಪುವ ಕೆಲಸವೆಂದು ನಮ್ಮ ವಿನಂತಿ.