ಎಲೆ ಇಲ್ಲ, ನಾಳೆ ಬನ್ನಿ

ನಮ್ಮ ಶಾಲೆಯ ಹಳೆಯ ದಾಖಲಾತಿ ಪುಸ್ತಕದಲ್ಲಿ ‘ತಂದೆಯ ಉದ್ಯೋಗ’ ಎಂಬ ಕಾಲಮಿನ ಕೆಳಗೆ ಬೇಸಾಯ, ಕೂಲಿ, ವ್ಯಾಪಾರ ಎಂದು ಬರೆದಿದೆ. ತಾಯಿಯ ಉದ್ಯೋಗಕ್ಕೆ ಕಾಲಮೇ ಇರಲಿಲ್ಲ. ಇದ್ದಿದ್ದರೆ ಪುಟದುದ್ದಕ್ಕೂ ‘ಬೀಡಿ’ ಎಂದೇ ಬರೆಯಬೇಕಾಗುತ್ತಿತ್ತು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಎಷ್ಟೋ ಮನೆಗಳಲ್ಲಿ ಮಕ್ಕಳ ಪುಸ್ತಕ, ಬಟ್ಟೆಯ ಖರ್ಚು ಹೊರಟದ್ದು ತಾಯಿಯ ಮಡಿಲಲ್ಲಿದ್ದ ತಡಪೆಯಿಂದ. ಸುವರ್ಣ ಮಹೋತ್ಸವದ ಸಂಚಿಕೆಗೆ ಊರಿನ ಇತಿಹಾಸದ ಬಗ್ಗೆ ಏನಾದರೂ ಬರೆಯಿರಿ ಎಂದು ಸಮಿತಿಯವರು ಹೇಳಿದಾಗ, ಬಸದಿ, ಅರಮನೆಗಳ ಬಗ್ಗೆ ಬರೆಯುವವರು ಬೇರೆ ಇದ್ದಾರೆ, ನಾನು ಬೀಡಿಯ ಬಗ್ಗೆ ಬರೆಯುತ್ತೇನೆ ಎಂದೆ.

ಕಾರ್ಮಿಕರ ಹೋರಾಟ ಎಂದರೆ ನಮಗೆ ನೆನಪಾಗುವುದು ಗೋಲಿಬಾರು, ಲಾಠಿ, ಜೈಲು. ಅದೂ ನಮ್ಮಿಂದ ದೂರವಿರಲಿಲ್ಲ. ಹಿಂದಿನ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದ ಕಾಸರಗೋಡು ತಾಲೂಕಿನ ಕಯ್ಯೂರಿನಲ್ಲಿ 1941ರ ಮಾರ್ಚ್ 28ರಂದು ರೈತ ಸಂಘದ ಮೆರವಣಿಗೆಯ ನಡುವೆ ಸಿಕ್ಕಿಕೊಂಡ ಪೊಲೀಸನೊಬ್ಬ ಹೊಳೆಗೆ ಹಾರಿ ಸತ್ತ. ಆ ಪ್ರಕರಣದಲ್ಲಿ ಮಠತ್ತಿಲ್ ಅಪ್ಪು, ಚಿರುಕಂಡ, ಕುಂಞಂಬು ನಾಯರ್, ಅಬೂಬಕರ್ ಎಂಬ ನಾಲ್ವರು ತರುಣರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ನಿರಂಜನರ ‘ಚಿರಸ್ಮರಣೆ’ ಕಾದಂಬರಿ ಇದೇ ಕಥೆ. ಸ್ವಾತಂತ್ರ್ಯ ಬಂದ ಮೇಲೂ ಮದ್ರಾಸ್ ಸರಕಾರ ಕಾರ್ಮಿಕ ಮುಂದಾಳುಗಳನ್ನು ಹುಡುಕಿ ಹುಡುಕಿ ಒಳಗೆ ಹಾಕಿತು. ಸಂಘಕ್ಕೆ ಸೇರಿದರೆ ಏನಾಗುತ್ತದೆ ಎಂದು ನಮ್ಮ ಹಿರಿಯರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆದರೆ ಬೀಡಿಯ ಮಟ್ಟಿಗೆ ಹೆದರಿಸಲು ಲಾಠಿ ಬೇಕಾಗಲಿಲ್ಲ, ತಕ್ಕಡಿ ಸಾಕಾಗುತ್ತಿತ್ತು. ಗಿರಣಿಯಲ್ಲಾದರೆ ಸಾವಿರ ಜನ ಒಂದೇ ಗೇಟಿನಲ್ಲಿ ಸೇರುತ್ತಾರೆ. ಬೀಡಿ ಕಟ್ಟುವವಳು ಅವಳ ಜಗಲಿಯಲ್ಲಿ ಒಬ್ಬಳೇ. ಕಂಪೆನಿ ಮಂಗಳೂರಿನಲ್ಲಿ, ನಡುವೆ ಗುತ್ತಿಗೆದಾರ, ಅವನ ಬ್ರಾಂಚು, ಅಲ್ಲೊಬ್ಬ ಚೆಕ್ಕರ್. ಎಲೆ, ಹೊಗೆಸೊಪ್ಪು ತೂಗಿ ಕೊಡುವವನೂ ಅಲ್ಲಿಯವನೇ, ಕಟ್ಟಿದ ಬೀಡಿ ಸರಿಯಿಲ್ಲ ಎಂದು ತೆಗೆದಿಡುವವನೂ ಅಲ್ಲಿಯವನೇ. ತೆಗೆದಿಟ್ಟ ಬೀಡಿಗೆ ಕೂಲಿ ಇಲ್ಲ, ಬೀಡಿಯೂ ವಾಪಸಿಲ್ಲ. ನನ್ನ ತಾಯಿ ಒಮ್ಮೆ ಸಂಘದ ಮನವಿಗೆ ಹೆಬ್ಬೆಟ್ಟು ಒತ್ತಿ ಬಂದರು. ಯಾರೂ ಬೈಯಲಿಲ್ಲ. ಮರುವಾರದಿಂದ ಅವರಿಗೆ ಸಿಕ್ಕಿದ್ದು ತೂತು ಎಲೆ; ಅದೂ ಮುಗಿದ ಮೇಲೆ, “ಎಲೆ ಇಲ್ಲ ಅಕ್ಕ, ನಾಳೆ ಬನ್ನಿ.” ನಾಳೆ ಹೋದರೂ ಅದೇ ಮಾತು. ಆ ಬ್ರಾಂಚು ಈಗ ಇಲ್ಲ, ಹೆಸರು ಬೇಡ. ಅಷ್ಟು ಮರ್ಯಾದೆಯ ಬೆದರಿಕೆಯನ್ನು ನಾನು ಮತ್ತೆ ಕೇಳಿಲ್ಲ.

ಈ ಬೆದರಿಕೆಗೆ ಕಾನೂನಿನ ಉತ್ತರ ಬಂದದ್ದು 1966ರಲ್ಲಿ, ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯ ರೂಪದಲ್ಲಿ. ಮನೆಯಲ್ಲಿ ಕಟ್ಟುವವಳೂ ಕಾರ್ಮಿಕಳೇ ಎಂದು ಅದು ಒಪ್ಪಿತು. ಬೇಕಾಬಿಟ್ಟಿ ಬೀಡಿ ತೆಗೆದಿಡುವುದಕ್ಕೂ ಅದರ ಕೆಳಗಿನ ನಿಯಮಗಳು ಮಿತಿ ಹಾಕಿದವು. ಕೇರಳ ಸರಕಾರ ಅದನ್ನು ಜಾರಿಗೆ ತರಹೊರಟಾಗ, 1968ರಲ್ಲಿ, ಮಂಗಳೂರು ಗಣೇಶ್ ಬೀಡಿಯವರು ಕಣ್ಣೂರು ಕಡೆಯ ತಮ್ಮ ಕೇಂದ್ರಗಳನ್ನೇ ಮುಚ್ಚಿಬಿಟ್ಟರು. ಸುಮಾರು 12,000 ಜನರ ಕೆಲಸ ಹೋಯಿತು. ಅಲ್ಲಿಯವರು 1969ರಲ್ಲಿ ದಿನೇಶ್ ಬೀಡಿ ಎಂಬ ಸಹಕಾರಿ ಸಂಘ ಕಟ್ಟಿಕೊಂಡು ಬದುಕಿದರು. ಇತ್ತ ನಮ್ಮ ಜಿಲ್ಲೆಗೆ ಕೆಲಸ ಹರಿದು ಬಂತು. ನಮಗೆ ಸಂತೋಷವೇ ಆಗಿರಬೇಕು. ಕಣ್ಣೂರಿನವರಿಗೆ ಆದದ್ದು ನಾಳೆ ನಮಗೂ ಆಗಬಹುದು ಎಂಬ ಪಾಠವೂ ಎಲೆಯ ಜೊತೆಗೇ ಬಂತು. “ಹೆಚ್ಚು ಮಾತಾಡಿದರೆ ಬ್ರಾಂಚು ಘಟ್ಟದ ಮೇಲೆ ಹೋಗುತ್ತದೆ” ಎಂಬ ಮಾತನ್ನು ನಾನು ಬಾಲ್ಯದಲ್ಲಿ ಎಷ್ಟು ಸಲ ಕೇಳಿದ್ದೇನೋ.

ಕಂಪೆನಿಗಳು ಕಾಯಿದೆಯನ್ನೇ ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೆ ಹೋದವು. 1974ರ ಜನವರಿಯಲ್ಲಿ ಬಂದ ತೀರ್ಪಿನಲ್ಲಿ ನಮ್ಮೂರ ಹೆಸರೇ ಇದೆ: ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಮತ್ತು ಭಾರತ ಸರಕಾರ. ಕಾಯಿದೆ ಗೆದ್ದಿತು. ಗುತ್ತಿಗೆದಾರನನ್ನು ಮುಂದೆ ನಿಲ್ಲಿಸಿ ಬ್ರಾಂಡಿನ ಒಡೆಯ ಹಿಂದೆ ನಿಲ್ಲುವಂತಿಲ್ಲ ಎಂದಾಯಿತು. ಆ ದಿನಗಳಲ್ಲಿ ಬಂಟ್ವಾಳದ ಶಾಸಕರಾಗಿದ್ದವರು ಬಿ.ವಿ. ಕಕ್ಕಿಲ್ಲಾಯರು, ಕಾರ್ಮಿಕರಿಗಾಗಿ ದುಡಿದು ಜೈಲನ್ನೂ ಕಂಡವರು. ಅವರ ಪಕ್ಷವನ್ನು ಒಪ್ಪದವರೂ ನಮ್ಮೂರಲ್ಲಿ ಅವರನ್ನು ಗೌರವದಿಂದಲೇ ನೆನೆಯುತ್ತಾರೆ.

1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಕಾಯಿದೆ ಬಂತು. ಭವಿಷ್ಯನಿಧಿ ಮನೆಯಲ್ಲಿ ಕಟ್ಟುವವರಿಗೂ ಸಲ್ಲಬೇಕೆಂದು 1985ರಲ್ಲಿ ಮತ್ತೆ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಕಲ್ಯಾಣ ನಿಧಿಯ ವಿದ್ಯಾರ್ಥಿವೇತನವನ್ನು ಈ ಶಾಲೆಯ ಹಳೆ ವಿದ್ಯಾರ್ಥಿಗಳು ಮರೆತಿರಲಾರರು. ಅದಕ್ಕೆ ತಾಯಿಯ ಗುರುತಿನ ಚೀಟಿ ಬೇಕಿತ್ತು. ಚೀಟಿಗೆ ತಾಯಿಯ ಹೆಸರಿನಲ್ಲಿ ಕೆಲಸದ ದಾಖಲೆ ಬೇಕಿತ್ತು. ಮೂವರು ಕಟ್ಟಿದ ಬೀಡಿ ಒಂದೇ ಪಾಸ್‌ಬುಕ್ಕಿಗೆ ಹೋಗುತ್ತಿದ್ದ ಮನೆಗಳಲ್ಲಿ ಉಳಿದಿಬ್ಬರು ಸರಕಾರದ ಲೆಕ್ಕದಲ್ಲಿ ಕಾರ್ಮಿಕರೇ ಅಲ್ಲ. ನಾನು ಇಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತಿದ್ದಾಗ ಹತ್ತನೆಯ ತರಗತಿಯ ಹುಡುಗಿಯೊಬ್ಬಳು, “ಸರ್, ಕಟ್ಟುವುದು ಅಮ್ಮ, ಬುಕ್ಕಲ್ಲಿ ಹೆಸರು ಚಿಕ್ಕಮ್ಮನದ್ದು, ಏನು ಮಾಡುವುದು?” ಎಂದು ಖಾಲಿ ಅರ್ಜಿ ಹಿಡಿದು ನಿಂತಿದ್ದಳು. ಆ ವರ್ಷ ಅವಳಿಗೆ ವಿದ್ಯಾರ್ಥಿವೇತನ ಸಿಗಲಿಲ್ಲ.

ಈಗ ಬೀಡಿ ಕಡಿಮೆಯಾಗಿದೆ, ಬ್ರಾಂಚುಗಳೂ ಕಡಿಮೆ. ಯಾರ ಮನೆಯಲ್ಲಾದರೂ ಹಳೆಯ ಪಾಸ್‌ಬುಕ್, ಸಂಘದ ರಶೀದಿ, ಬೀಡಿಯ ಕತ್ತರಿ, ತಗಡಿನ ಅಳತೆ ಉಳಿದಿದ್ದರೆ ಎಸೆಯಬೇಡಿ. ಸುವರ್ಣ ಮಹೋತ್ಸವದ ವಸ್ತುಪ್ರದರ್ಶನಕ್ಕೆ ಮುಖ್ಯೋಪಾಧ್ಯಾಯರಲ್ಲಿ ತಂದು ಕೊಡಿ. ಕೊಟ್ಟವರ ಹೆಸರಿನ ಜೊತೆಗೆ ಕಟ್ಟಿದವರ ಹೆಸರನ್ನೂ ಬರೆಸಿ.